ಎಪ್ಪತ್ತೈದು ಸೆಂಟಿಮೀಟರಿನ ಹೆಜ್ಜೆ

ಅಕ್ಟೋಬರ್ 3, ಬೆಳಿಗ್ಗೆ 6

ಗಡ್ಡ ಹೆರೆದಾಯ್ತು. ಬೂಟಿಗೆ ಪಾಲಿಶ್ ನಾನೇ ಹಾಕಿಕೊಂಡೆ, ಎಂದಿನಂತೆ. ಯುದ್ಧ ನಿಂತು ಇವತ್ತಿಗೆ ಹನ್ನೊಂದು ದಿನ. ಗೆದ್ದವರು ಯಾರು ಅಂತ ಇನ್ನೂ ಟೈಪ್ ಆಗಿ ಬಂದಿಲ್ಲವಂತೆ. ಬಂದ ಮೇಲೆ ನೋಟೀಸ್ ಬೋರ್ಡಿಗೆ ಹಚ್ಚುತ್ತಾರೆ ಅಂದ ಸಾರ್ಜೆಂಟ್. ನಗದೇ ಅಂದ.

ಇವತ್ತಿನಿಂದ ಇಟ್ಟಿಗೆ ಭಟ್ಟಿಯ ಬಯಲು. ಹುಗಿದವರೇ ತೆಗೆಯಬೇಕು ಅಂತ ಕರ್ನಲ್ ಆರ್ಡರ್. ನ್ಯಾಯವೇ. ಜನವರಿಯಲ್ಲಿ ಹುಗಿದದ್ದು — ನೆಲಬಾಂಬು ನೂರಾ ಎಂಬತ್ತು, ಮೂರು ಸಾಲು, ಸಾಲಿಗೆ ಅರವತ್ತು. ಮೊದಲೆರಡು ಸಾಲು ಸಾರ್ಜೆಂಟ್ ಟೇಪು ಹಿಡಿದು ಅಳೆದ. ಮೂರನೆಯದು ನನ್ನದು. ನನಗೆ ಟೇಪು ಬೇಕಾಗಲಿಲ್ಲ. ಚಿಮಣಿಯ ಮೂಲೆಯಿಂದ ನೇರಕ್ಕೆ ಇನ್ನೂರು ಹೆಜ್ಜೆ. ನಕ್ಷೆಯಲ್ಲಿ ಹಾಗೇ ಇದೆ. ಅದರ ಕೆಳಗೆ: ಒಂದು ಹೆಜ್ಜೆ ಅಂದರೆ 75 ಸೆಂಟಿಮೀಟರ್. ಅದರ ಕೆಳಗೆ ನನ್ನ ಸಹಿ.

ನಾಲ್ಕನೇ ಕ್ಲಾಸು ಓದಿ ಸಿಪಾಯಿಯಾಗಿ ಸೇರಿದವನು ಮೇಜರ್ ಆದದ್ದು ಈ ಹೆಜ್ಜೆಯಿಂದಲೇ. ಪರೇಡ್ ಮೈದಾನದಲ್ಲಿ ಹತ್ತೊಂಬತ್ತು ವರ್ಷ ಹೊಸಬರಿಗೆ ನಡೆಯಲು ಕಲಿಸಿದೆ. ಹೆಜ್ಜೆ ಅಳೆಯುವ ಕೋಲು ಹಿಡಿದು ಒಬ್ಬರು ನನ್ನ ಹಿಂದೆಯೇ ಬಂದಿದ್ದರು ಒಮ್ಮೆ, ಪೂರಾ ಮೈದಾನ. ಕೊನೆಗೆ ಬ್ರಿಗೇಡಿಯರ್ ಹೇಳಿದ್ದು: "ಆ ಕೋಲು ಬಿಸಾಕಿ. ಈ ಮನುಷ್ಯನನ್ನೇ ಇಟ್ಕೊಳ್ಳಿ."

ಜೀಪು ಬಂತು.

ಅಕ್ಟೋಬರ್ 6, ಸಂಜೆ

ಮೊದಲ ಸಾಲು ಮುಗಿಯಿತು. ಅರವತ್ತಕ್ಕೆ ಅರವತ್ತು. ಎರಡನೆಯದು ಅರ್ಧ. ಲೋಹ ಹುಡುಕುವ ಯಂತ್ರ ಆಡಿಸುವವನು ಗುಬ್ಬಿ — ನಲವತ್ತು ದಾಟಿದ ಮನುಷ್ಯ, ಐದಡಿಯೂ ಇಲ್ಲ, ಅದಕ್ಕೇ ಆ ಹೆಸರು. ಕಿವಿಯಲ್ಲಿ ಕೂಗು ಬಂದರೆ ಕೈ ಎತ್ತುತ್ತಾನೆ. ಉಳಿದವರು ಮಂಡಿಯೂರಿ ಸಲಾಕೆಯಿಂದ ಓರೆಯಾಗಿ ಚುಚ್ಚಿ, ಮಣ್ಣು ಬಿಡಿಸಿ ತೆಗೆಯುತ್ತಾರೆ. "ನಾನು ತುಳಿದ್ರೆ ಸಿಡಿಯಲ್ಲ ಸರ್" ಅಂತಾನೆ ಗುಬ್ಬಿ. "ಇಷ್ಟೇನಾ ಅಂತ ಅದಕ್ಕೇ ನಾಚಿಕೆ ಆಗುತ್ತೆ."

ಮನೆಯಿಂದ ಫೋನ್.

"ಏನ್ರೀ, ಯುದ್ಧ ನಿಂತ ಮೇಲೂ ಬರಲ್ಲ ಅಂದ್ರೆ ಹೇಗೆ?"

"ನಿಂತ ಮೇಲೇ ನಮ್ಮ ಕೆಲಸ ಶುರು."

"ಕಾಲು?"

"ಕಾಲು ಕಾಲಿನ ಜಾಗದಲ್ಲೇ ಇದೆ."

ಅವಳು ಏನೋ ಹೇಳಲು ಹೊರಟಳು. ಊಟದ ವಿಷಯ ಕೇಳಿದಳು. ಇಟ್ಟಳು.

ಮಾರ್ಚ್‌ನಲ್ಲಿ ತೊಡೆಗೆ ಶೆಲ್ಲಿನ ಚೂರು ಬಡಿದದ್ದನ್ನು ಇವಳು ಇನ್ನೂ ಮರೆತಿಲ್ಲ. ನಾನು ಮರೆತಾಗಿದೆ. ಮಾಂಸ ಹರಿದಿತ್ತು ಅಷ್ಟೇ, ಮೂಳೆಗೆ ಏನೂ ಆಗಿರಲಿಲ್ಲ. ಆಸ್ಪತ್ರೆಯಿಂದ ಹೊಲಿಗೆ ಬಿಚ್ಚುವ ಮೊದಲೇ ಎದ್ದು ಬಂದೆ. ಏಪ್ರಿಲ್‌ನಲ್ಲಿ ರೈಲು ಗೋದಾಮಿನ ಅಂಗಳದಲ್ಲಿ ಇನ್ನೊಂದು ಬಯಲು ಹುಗಿದೆ, ಅದೇ ಕಾಲಿನ ಮೇಲೆ ನಿಂತು. ಬೇರೆಯವರಾಗಿದ್ದರೆ ಮೂರು ತಿಂಗಳು ಮಲಗಿರುತ್ತಿದ್ದರು.

ಅಕ್ಟೋಬರ್ 9, ಸಂಜೆ

ಎರಡನೇ ಸಾಲೂ ಅರವತ್ತಕ್ಕೆ ಅರವತ್ತು. ಇನ್ನು ನನ್ನದು.

ಚಿಮಣಿಯ ಮೂಲೆಗೆ ಬೆನ್ನು ಕೊಟ್ಟು ನಿಂತೆ. ದಿಕ್ಸೂಚಿ ನೋಡಿಕೊಂಡೆ. ಎಲ್ಲರೂ ನೋಡುತ್ತಿದ್ದರು. ಇನ್ನೂರು ಹೆಜ್ಜೆ — ಒಂದೇ ಸಮ, ಎಲ್ಲೂ ನಿಲ್ಲದೆ. ಗೂಟ ಹೊಡೆಸಿದೆ. "ಗಡಿಯಾರದ ಹಾಗೆ ಸರ್" ಅಂದ ಗುಬ್ಬಿ. ಸಾರ್ಜೆಂಟ್ ಏನೂ ಅನ್ನಲಿಲ್ಲ. ಅವನು ಮಾತೇ ಕಡಿಮೆ.

ಭಟ್ಟಿಯ ಒಡತಿ ಬಂದಳು. ಊರೆಲ್ಲ ಅಕ್ಕ ಅನ್ನುತ್ತೆ, ನಾವೂ ಅಕ್ಕ ಅನ್ನುತ್ತೇವೆ. ಒಂಬತ್ತು ತಿಂಗಳಿಂದ ಭಟ್ಟಿಗೆ ಬೆಂಕಿ ಇಟ್ಟಿಲ್ಲ. ಮಣ್ಣು ಇರುವುದು ಬಯಲಿನ ಆ ತುದಿಯಲ್ಲಿ, ನನ್ನ ಮೂರನೇ ಸಾಲಿನ ಆಚೆ.

"ಹಳ್ಳದ ಕಡೆಯಿಂದ ಬಂದು ಮಣ್ಣು ಹೊತ್ಕೊಂಡು ಹೋಗ್ಬಹುದಾ ಸಾಹೇಬ್ರೇ? ಸಾಲು ಪೂರ್ತಿ ತೆಗೆಯೋ ತನಕ ಕಾದ್ರೆ ಚಳಿಗಾಲ ಬರುತ್ತೆ. ಚಳಿಯಲ್ಲಿ ಇಟ್ಟಿಗೆ ಒಣಗಲ್ಲ."

"ಗೂಟದಿಂದ ಹದಿಮೂರು ಹೆಜ್ಜೆ ಆಚೆ ದಾರಿ ಮಾಡಿ ಕೊಡ್ತೀನಿ. ಅಲ್ಲಿ ನಿಮ್ಮ ಮನೆ ಅಂಗಳದ ಹಾಗೆ ಓಡಾಡಿ."

"ನಮ್ಮ ಅಂಗಳದಲ್ಲಿ ನಾಯಿ ಇದೆ."

"ಇಲ್ಲಿ ಅದೂ ಇಲ್ಲ."

ನಕ್ಕಳು. ಆ ಹದಿಮೂರು ಹೆಜ್ಜೆಯನ್ನೂ ನಾನೇ ನಡೆದು ತೋರಿಸಿದೆ. ದಾರಿಯ ಎರಡೂ ಕಡೆ ಬಿಳಿ ಪಟ್ಟಿ ಕಟ್ಟಿಸಿದೆ. ಇನ್ನೊಬ್ಬ ಅಧಿಕಾರಿಯಾಗಿದ್ದರೆ ಆಗಲ್ಲ ಅಂತ ಕಳಿಸುತ್ತಿದ್ದ. ತನ್ನ ನಕ್ಷೆ ಮೇಲೆ ನಂಬಿಕೆ ಇದ್ದವನು ಹಾಗೆ ಹೇಳಬೇಕಿಲ್ಲ.

ಅಕ್ಟೋಬರ್ 10

ಗೂಟದ ನೇರಕ್ಕೆ ಸಾಲಿನುದ್ದಕ್ಕೂ ಇಡೀ ದಿನ. ಏನೂ ಸಿಗಲಿಲ್ಲ. ಗುಬ್ಬಿ ನೆಗಡಿ ಅಂದ. ನೆಗಡಿ ಮೂಗಿಗೆ, ಕಿವಿಗಲ್ಲ ಅಂದೆ.

ಅಕ್ಟೋಬರ್ 11, ಸಂಜೆ

ಇವತ್ತೂ ಇಲ್ಲ. ಯಂತ್ರ ಬದಲಿಸಿದೆ. ಬ್ಯಾಟರಿ ಬದಲಿಸಿದೆ. ಗುಬ್ಬಿಗೆ ಗದರಿದೆ — ಹಾಗೆ ಗದರಬಾರದಿತ್ತು.

ಆ ಕಡೆಯ ಮೇಜರ್ ಬಂದಿದ್ದ. ಒಪ್ಪಂದದ ಪ್ರಕಾರ ಅವರ ಕೆಲಸ ನಾವು, ನಮ್ಮ ಕೆಲಸ ಅವರು ನೋಡಬೇಕು. ನನಗಿಂತ ಚಿಕ್ಕವನು, ನಮ್ಮ ಭಾಷೆ ಚೆನ್ನಾಗಿ ಬರುತ್ತೆ. ತೆಗೆದು ಜೋಡಿಸಿಟ್ಟ ನೂರಿಪ್ಪತ್ತನ್ನು ನೋಡಿದ. "ಅಚ್ಚುಕಟ್ಟು" ಅಂದ.

"ನಿಮ್ಮವರು ಒಬ್ಬರೂ ದಾಟಲಿಲ್ಲ" ಅಂದೆ.

"ತಪ್ಪು ತಿಳೀಬೇಡಿ ಮೇಜರ್. ಈ ಕಡೆ ಬರೋ ಯೋಚನೆ ನಮಗಿರಲೇ ಇಲ್ಲ. ಇದು ಜೇಡಿಮಣ್ಣು. ನಮ್ಮ ಗಾಡಿಗಳು ಹೊಟ್ಟೆತನಕ ಹೂತು ಹೋಗ್ತಿದ್ವು. ಮೊದಲ ದಿನವೇ ಮ್ಯಾಪಲ್ಲಿ ಇದರ ಮೇಲೆ ಅಡ್ಡಗೆರೆ ಎಳೆದ್ವಿ."

"ನಾವು ಹುಗಿದದ್ದು ಗೊತ್ತಾಗಿ ಎಳೆದಿರಬೇಕು."

"ಇಲ್ಲ. ನೀವು ಹುಗಿದದ್ದು ನನಗೆ ಗೊತ್ತಾಗಿದ್ದು ಹೋದ ವಾರ." ಮರ್ಯಾದೆಯಿಂದಲೇ ಹೇಳಿದ. ಸಿಗರೇಟ್ ಕೊಟ್ಟ. ತೆಗೆದುಕೊಂಡೆ.

ಬರೆದಿಡುತ್ತೇನೆ. ಅವನು ಹೇಳಿದ್ದು ನಿಜ ಇರಬಹುದು. ನನ್ನ ಬಯಲನ್ನು ಯಾರೂ ದಾಟಲಿಲ್ಲ, ಇದೂ ನಿಜ. ಎರಡರಲ್ಲಿ ನನಗೆ ಬೇಕಾದ್ದನ್ನು ನಾನು ಇಟ್ಟುಕೊಳ್ಳುತ್ತೇನೆ.

ಹದಿನಾರಕ್ಕೆ ಪರೇಡ್. ಈ ಬಯಲಿಗಾಗಿ ನನಗೆ ಪದಕ ಇದೆಯಂತೆ. ಕರ್ನಲ್ ಫೋನಿನಲ್ಲಿ ಅಂದರು.

ಅಕ್ಟೋಬರ್ 12, ಸಂಜೆ 6

ಕ್ರಮವಾಗಿ ಬರೆಯಬೇಕು.

ನಿನ್ನೆ ಕತ್ತಲಾಗುವಾಗ ಜಿನುಗಿತ್ತು. ಬೆಳಿಗ್ಗೆ ಮಣ್ಣು ಹಸಿ. ಗೂಟವನ್ನು ಯಾರೋ ಜರುಗಿಸಿರಬೇಕು ಅಂತ ನನ್ನ ಲೆಕ್ಕ. ಎಲ್ಲರ ಮುಂದೆ ಮತ್ತೆ ಇನ್ನೂರು ಹೆಜ್ಜೆ ನಡೆದೆ. ಗೂಟದ ಪಕ್ಕಕ್ಕೇ ಹೋಗಿ ನಿಂತೆ. ನಾಲ್ಕು ಬೆರಳು ಆಚೀಚೆ. "ನೋಡಿದ್ರಾ?" ಅಂದೆ. ಮೈನ್‌ಗಳನ್ನು ಆ ಕಡೆಯವರು ಕದ್ದಿದ್ದಾರೆ, ವರದಿ ಬರೆಯುತ್ತೇನೆ ಅಂತ ಡೇರೆಗೆ ಬಂದೆ. ಎರಡು ಪುಟ ಬರೆದೆ ಕೂಡ.

ನಾಲ್ಕು ಗಂಟೆಗೆ ಹೊರಗೆ ಬಂದರೆ, ಸಾರ್ಜೆಂಟ್ ಬಯಲಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದ. ಕೈಯಲ್ಲಿ ಟೇಪು. ನನ್ನನ್ನು ನೋಡಿ ಎದ್ದ, ಟೇಪನ್ನು ಬೆನ್ನ ಹಿಂದೆ ಹಿಡಿದ. ಮೂವತ್ತು ವರ್ಷ ಸರ್ವೀಸು ಆದ ಮನುಷ್ಯ, ಕದ್ದು ತಿಂದವನ ಹಾಗೆ.

"ಏನದು?"

"ಏನಿಲ್ಲ ಸರ್."

"ಏನಿಲ್ಲ ಅನ್ನೋದನ್ನ ಎಷ್ಟು ಸೆಂಟಿಮೀಟರ್ ಅಂತ ಅಳೀತಿದ್ದೆ?"

ಅವನು ಕೆಳಗೆ ನೋಡಿದ. ನಾನೂ ನೋಡಿದೆ. ಜೇಡಿಮಣ್ಣಲ್ಲಿ ನನ್ನ ಬೂಟಿನ ಗುರುತು, ಬೆಳಗಿನವು, ಅಚ್ಚೊತ್ತಿದ ಹಾಗೆ. ಬಲಗಾಲಿಂದ ಎಡಗಾಲಿಗೆ ಒಂದು ಅಂತರ. ಎಡಗಾಲಿಂದ ಬಲಗಾಲಿಗೆ ಇನ್ನೊಂದು, ಗಿಡ್ಡ. ಉದ್ದ, ಗಿಡ್ಡ, ಉದ್ದ, ಗಿಡ್ಡ. ಗೂಟದವರೆಗೂ ಹಾಗೇ.

"ಎಷ್ಟು?"

"ಒಂದು ಎಪ್ಪತ್ತೈದು ಸರ್. ಒಂದು ಅರವತ್ತೈದು."

ಲೆಕ್ಕ ನನಗೆ ಬರುತ್ತೆ. ಸರಾಸರಿ ಎಪ್ಪತ್ತು. ಇನ್ನೂರಕ್ಕೆ ಹತ್ತು ಮೀಟರ್ ಕಡಿಮೆ. ನಿಜವಾದ ಸಾಲು ಗೂಟದಿಂದ ಹತ್ತು ಮೀಟರ್ ಆಚೆ. ಗೂಟದಿಂದ ಹದಿಮೂರು ಗಿಡ್ಡ ಹೆಜ್ಜೆ ಅಂದರೆ ಒಂಬತ್ತು ಚಿಲ್ಲರೆ...

ತಲೆ ಎತ್ತಿದೆ. ದಾರಿಯಲ್ಲಿ ಅಕ್ಕ, ಹಿಂದೆ ಆರು ಹೆಂಗಸರು, ತಲೆ ಮೇಲೆ ಮಣ್ಣಿನ ಬುಟ್ಟಿ. ಸಾಲಾಗಿ ಬರುತ್ತಿದ್ದರು. ಮುಂದಿದ್ದ ಅಕ್ಕ ಮಾತಾಡುತ್ತ ಅಂಚಿಗೆ ಅಂಚಿಗೆ ಸರಿಯುತ್ತಿದ್ದಳು.

ಪರೇಡ್ ಮೈದಾನದ ಗಂಟಲಲ್ಲಿ ಕೂಗಿದೆ: "ನಿಲ್!"

ನಿಂತರು. ಏಳೂ ಜನ, ಒಂದೇ ಸಲಕ್ಕೆ. ನಮ್ಮ ಹೊಸಬರು ಅಷ್ಟು ಚೆನ್ನಾಗಿ ನಿಂತದ್ದು ನಾನು ನೋಡಿಲ್ಲ.

"ಏನ್ ಸಾಹೇಬ್ರೇ, ನಮಗೂ ಪರೇಡಾ?"

"ಅಕ್ಕ, ಕಾಲು ಎತ್ತಬೇಡಿ. ಯಾರೂ ಎತ್ತಬೇಡಿ. ಹಿಂದೆ ತಿರುಗಿ ನಿಮ್ಮ ಹೆಜ್ಜೆ ಗುರುತು ಕಾಣುತ್ತಾ ನೋಡಿ."

"ಕಾಣುತ್ತೆ."

"ಅದರ ಮೇಲೇ ಇಟ್ಕೊಂಡು ವಾಪಸ್ ಹೋಗಿ. ಕೊನೆಯವರು ಮೊದಲು. ನಿಧಾನ."

"ಬುಟ್ಟಿ ಇಳಿಸ್ಲಾ?"

"ಬೇಡ. ಏನನ್ನೂ ಕೆಳಗಿಡಬೇಡಿ."

ಅಕ್ಕ ಹಿಂದಿನವರಿಗೆ ಮೆಲ್ಲಗೆ ಏನೋ ಹೇಳಿದಳು. ನಗುತ್ತಿದ್ದವರು ನಿಲ್ಲಿಸಿದರು. ಮೂವತ್ತು ಮೀಟರಿಗೆ ಇಪ್ಪತ್ತು ನಿಮಿಷ. ಕೊನೆಗೆ ಅಕ್ಕ ಹಳ್ಳದ ಕಲ್ಲಿನ ಮೇಲೆ ಕಾಲಿಟ್ಟಳು. ಬುಟ್ಟಿ ಇಳಿಸಿದಳು. ಕೂತುಕೊಂಡಳು.

ಸಾರ್ಜೆಂಟನ್ನು ಕೇಳಿದೆ, ಯಾವಾಗ ಅನುಮಾನ ಬಂತು. ಒಂಬತ್ತನೇ ತಾರೀಕೇ ಅಂತೆ. ಯಾಕೆ ಹೇಳಲಿಲ್ಲ ಅಂದೆ. "ನಿಮ್ಮ ಹೆಜ್ಜೆ ಸರ್" ಅಂದ. ಅಷ್ಟೇ. ಬೈಯಲು ಬಾಯಿ ಬರಲಿಲ್ಲ. ಅವನ ಬಾಯಿ ಮುಚ್ಚಿಸಿದ್ದು ನಾನೇ, ಹತ್ತೊಂಬತ್ತು ವರ್ಷ.

ಅಕ್ಟೋಬರ್ 13, ಮಧ್ಯಾಹ್ನ

ಸಾಲು ಸಿಕ್ಕಿತು. ಟೇಪು ಹಿಡಿದು ನೂರೈವತ್ತು ಮೀಟರ್, ಅಲ್ಲೇ. ದಾರಿಯ ಬಲ ಅಂಚಿಗೆ. ಜನವರಿಯ ನನ್ನ ಹೆಜ್ಜೆ ಸರಿಯಾಗೇ ಇತ್ತು. ಹೇಳಿಕೊಳ್ಳುವುದಕ್ಕೆ ಯಾರೂ ಇಲ್ಲ, ಇಲ್ಲಿ ಬರೆದುಕೊಂಡೆ.

ಅದೇ ದಿನ, 5 ಗಂಟೆ

ಅಕ್ಕ ಡೇರೆಗೆ ಬಂದಳು. ಬೈಯಲಿ ಅಂತ ಕಾದೆ. ಕುರ್ಚಿ ಹಾಕಿದೆ, ಕೂರಲಿಲ್ಲ.

"ಸಾರ್ಜೆಂಟ್ ಎಲ್ಲ ಹೇಳಿದ್ರು" ಅಂದಳು. "ಕಾಲಿಗೆ ಪೆಟ್ಟಾದ ಮೇಲೆ ಬೇರೆ ಎಲ್ಲಾದ್ರೂ ಹೀಗೆ ಅಳೆದಿದೀರಾ?"

"ಯಾಕೆ?"

"ಅಚ್ಚು ಸೊಟ್ಟಗಾದ್ರೆ ಒಂದೇ ಇಟ್ಟಿಗೆ ಸೊಟ್ಟ ಬರಲ್ಲ ಸಾಹೇಬ್ರೇ. ನಾನಾದ್ರೆ ಆ ಅಚ್ಚಲ್ಲಿ ಹೊಯ್ದದ್ದೆಲ್ಲಾ ವಾಪಸ್ ತರಿಸ್ತೀನಿ."

ಹೋದಳು.

ರೈಲು ಗೋದಾಮು. ಗೇಟಿನ ಕಲ್ಲುಕಂಬದಿಂದ ಎಂಬತ್ತು ಹೆಜ್ಜೆ. ನಕ್ಷೆ ಹೇಳುವುದು ಅರವತ್ತು ಮೀಟರ್. ಇಲ್ಲಿ ನಕ್ಷೆ ಸರಿ, ಕಾಲು ತಪ್ಪು. ಅಲ್ಲಿ ನಕ್ಷೆಯೇ ತಪ್ಪು. ತೆಗೆಯುವವರು ಅದನ್ನು ನಂಬಿ ಟೇಪು ಹಿಡಿದು ನಡೆದರೆ, ಸಾಲು ಇನ್ನೂ ಮುಂದಿದೆ ಅಂದುಕೊಂಡೇ ಅದರ ಮೇಲೆ ಕಾಲಿಡುತ್ತಾರೆ.

ಸಾರ್ಜೆಂಟನ್ನು ಕರೆದೆ. ಹೊರಗೆ ಮೂರು ಸಲ ನೂರು ಹೆಜ್ಜೆ ನಡೆದೆ, ಅಳೆಸಿದೆ. ಎಪ್ಪತ್ತು, ಎಪ್ಪತ್ತು, ಎಪ್ಪತ್ತು. ಗಿಡ್ಡ ಆದರೂ ಒಂದೇ ಸಮ. "ನೋಡು, ಈಗಲೂ ತಪ್ಪಲ್ಲ. ಎಂಬತ್ತು ಹೆಜ್ಜೆ ಅಂದರೆ ಐವತ್ತಾರು ಮೀಟರ್. ಅಷ್ಟು ತಿದ್ದಿ ಕಳಿಸಿದರೆ ಆಯಿತು" ಅಂದೆ.

ಅವನು ಟೇಪು ಸುತ್ತುತ್ತಿದ್ದ. ಈ ಸಲ ಬೆನ್ನ ಹಿಂದೆ ಇಟ್ಟುಕೊಳ್ಳಲಿಲ್ಲ. "ಏಪ್ರಿಲ್‌ನಲ್ಲಿ ಹೊಲಿಗೆ ಇತ್ತಲ್ಲ ಸರ್. ಆವಾಗಿನ ಹೆಜ್ಜೆ ಎಷ್ಟಿತ್ತೋ."

ಎಷ್ಟಿತ್ತೋ. ಅದು ನನಗೂ ಗೊತ್ತಿಲ್ಲ.

ಅಕ್ಟೋಬರ್ 14, ಸಂಜೆ

ಕರ್ನಲ್ ಆಫೀಸಿಗೆ ಹೋಗಿದ್ದೆ. ಟೇಬಲ್ ಮೇಲೆ ಪರೇಡಿನ ಪಟ್ಟಿ, ನನ್ನ ಹೆಸರು ಎರಡನೆಯದು. ಎಲ್ಲ ಕೇಳಿದರು. ಒಳ್ಳೆಯ ಮನುಷ್ಯ, ಕೇಳಿಸಿಕೊಳ್ಳುತ್ತಾರೆ.

"ಮಳೆಗೆ ಮಣ್ಣು ಜರುಗಿ ಮೈನ್ ಸರಿದಿದೆ ಅಂತ ಬರೆದುಬಿಡು. ಗೋದಾಮಿನವರು ಹುಷಾರಾಗ್ತಾರೆ, ನಿನ್ನ ಹೆಸರೂ ಉಳಿಯುತ್ತೆ."

"ಅಂಗಳಕ್ಕೆ ಗಟ್ಟಿ ಜಲ್ಲಿ ಹಾಕಿದ್ದಾರೆ ಸರ್. ಅದು ಜರುಗಲ್ಲ ಅಂತ ಅವರಿಗೆ ಗೊತ್ತಾಗುತ್ತೆ. ನಂಬಲ್ಲ."

"ಹೆಜ್ಜೆ ತಪ್ಪಿದೆ ಅಂತ ಬರೆದ್ರೆ ನೀನು ಹಾಕಿದ ಹನ್ನೊಂದು ಬಯಲಿನ ನಕ್ಷೆಯನ್ನೂ ಯಾರೂ ಮುಟ್ಟಲ್ಲ. ವಿಚಾರಣೆ ಆಗುತ್ತೆ. ಪದಕ ಬಿಡು, ಪೆನ್ಷನ್ ಪತ್ರದಲ್ಲೂ ಇದೇ ಇರುತ್ತೆ. ನಿನಗೆ ಇದೆಲ್ಲಾ ಬೇಕಾ?"

"ಗೋದಾಮಿನ ತಂಡ ಯಾವಾಗ ಇಳಿಯೋದು ಸರ್?"

"ಇವತ್ತು ಬೆಳಿಗ್ಗೆನೇ ಇಳಿದಿದೆ. ಸಂಜೆ ಐದಕ್ಕೆ ಕೆಲಸ ನಿಲ್ಲಿಸಿರ್ತಾರೆ. ನಾಳೆ ಏಳಕ್ಕೆ ಮತ್ತೆ."

ಮನೆಗೆ ಫೋನ್ ಮಾಡಿದೆ. ಹೆಜ್ಜೆಯ ವಿಷಯ ಹೇಳಿದೆ.

"ಗೊತ್ತು ರೀ" ಅಂದಳು. "ರಜೆಗೆ ಬಂದಾಗಲೇ ಗೊತ್ತಾಯ್ತು. ನೀವು ಮೆಟ್ಟಿಲು ಹತ್ತೋ ಸದ್ದು ಬೇರೆ ಆಗಿತ್ತು. ಒಂದು ಜೋರು, ಒಂದು ಮೆಲ್ಲಗೆ."

"ಹೇಳಬಾರದಿತ್ತಾ?"

"ಹೇಳಿದ್ರೆ ಮೆಟ್ಟಿಲು ಸರಿ ಇಲ್ಲ ಅಂತಿದ್ರಿ."

ಇಬ್ಬರೂ ನಕ್ಕೆವು. ಅವಳು ಮೊದಲು ನಿಲ್ಲಿಸಿದಳು.

ಅಕ್ಟೋಬರ್ 15, ಬೆಳಿಗ್ಗೆ 6.10

ನಿನ್ನೆ ಸಂಜೆಯೇ ಕಳಿಸಬಹುದಿತ್ತು. ಹೇಗೂ ಏಳಕ್ಕೇ ತಾನೆ ಇಳಿಯುವುದು ಅಂತ ಒಂದು ರಾತ್ರಿ ತೆಗೆದುಕೊಂಡೆ. ಆ ರಾತ್ರಿ ನನಗಾಗಿ ತೆಗೆದುಕೊಂಡದ್ದು, ಬೇರೆ ಯಾರಿಗಾಗಿಯೂ ಅಲ್ಲ.

ವೈರ್‌ಲೆಸ್ ರೂಮಿನಲ್ಲಿ ನಿಂತು ಕಳಿಸಿದ್ದು: "ಗೋದಾಮಿನ ಅಂಗಳದ ನಕ್ಷೆಯನ್ನು ನಂಬಬೇಡಿ. ಅಳತೆ ನನ್ನ ಹೆಜ್ಜೆಯದು. ಆಗ ಕಾಲಿಗೆ ಗಾಯವಿತ್ತು, ಹೆಜ್ಜೆ ಗಿಡ್ಡ, ಎಷ್ಟು ಗಿಡ್ಡ ಎಂದು ತಿಳಿಯದು. ತಂಡವನ್ನು ಕಂಬದವರೆಗೂ ಹಿಂದಕ್ಕೆ ಕರೆಸಿ. ಅಲ್ಲಿಂದ ಪ್ರತಿ ಅಂಗುಲ ಚುಚ್ಚಬೇಕು. ತಪ್ಪು ನನ್ನದು."

ವೈರ್‌ಲೆಸ್‌ನವನು ಕೊನೆಯ ಸಾಲು ಬೇಕಾ ಅಂದ. ಬೇಕು ಅಂದೆ.

6.55. ಉತ್ತರ ಬಂತು. ತಂಡ ಇನ್ನೂ ಗೇಟಿನಲ್ಲೇ ಇದೆ. ಹನ್ನೆರಡು ಜನ, ಎಲ್ಲ ಸರಿ.

ಅಕ್ಟೋಬರ್ 17, ಗೋದಾಮು

ನಿನ್ನೆ ಪರೇಡ್ ನಡೆಯಿತಂತೆ. ನಾನು ಇಲ್ಲಿಗೆ ಬರುವ ದಾರಿಯಲ್ಲಿದ್ದೆ, ಸಾರ್ಜೆಂಟ್ ಮತ್ತು ಗುಬ್ಬಿ ಜೊತೆ. ಗೆದ್ದವರು ಯಾರು ಅಂತ ಅಲ್ಲೂ ಹೇಳಲಿಲ್ಲವಂತೆ. ಗಡಿ ಹೋದ ವರ್ಷ ಎಲ್ಲಿತ್ತೋ ಅಲ್ಲೇ ಇದೆ. ವಿಚಾರಣೆ ತಿಂಗಳ ಕೊನೆಗೆ. ಅಲ್ಲಿವರೆಗೆ ಇಲ್ಲಿ ಕೆಲಸ ಮಾಡುತ್ತೇನೆ ಅಂದೆ. ಕರ್ನಲ್ ಬೇಡ ಅನ್ನಲಿಲ್ಲ.

ಇಲ್ಲಿನ ತಂಡದ ಮುಖ್ಯಸ್ಥ ಒಬ್ಬ ಲೆಫ್ಟಿನೆಂಟ್. ಹದಿನಾಲ್ಕರಂದು ಟೇಪು ಹಿಡಿದು ಐವತ್ತೈದು ಮೀಟರ್‌ವರೆಗೂ ನಿರಾಳ ಅಂತ ನಡೆದು, ಅಲ್ಲಿಂದ ಮುಂದೆ ಚುಚ್ಚಲು ಶುರು ಮಾಡಿದ್ದ. "ನಿಮ್ಮ ನಕ್ಷೆ ಸರ್" ಅಂದ. "ಕಣ್ಣು ಮುಚ್ಕೊಂಡು ಹೋಗ್ಬಹುದು ಅಂತ ನಮಗೆ ಟ್ರೈನಿಂಗಲ್ಲಿ ಹೇಳಿದ್ರು." ಅವನ ಮಡಚುವ ಕುರ್ಚಿ ಇನ್ನೂ ಅಂಗಳದ ನಡುವೆ ಒಂಟಿಯಾಗಿ ನಿಂತಿದೆ. ತರಲು ಯಾರೂ ಹೋಗುವ ಹಾಗಿಲ್ಲ.

ಕಂಬದಿಂದ ಶುರು. ಜಲ್ಲಿಯಲ್ಲಿ ಕಬ್ಬಿಣದ ಚೂರು ತುಂಬಿದೆ, ಗುಬ್ಬಿಯ ಯಂತ್ರ ಎಲ್ಲದಕ್ಕೂ ಕೂಗುತ್ತೆ. ಹಾಗಾಗಿ ಮಂಡಿ, ಸಲಾಕೆ, ಕೈ. ಇಪ್ಪತ್ತು ನಿಮಿಷ ಕೆಲಸ, ಹತ್ತು ನಿಮಿಷ ವಿಶ್ರಾಂತಿ. ನಾನೂ ಸರದಿ ಹಿಡಿದೆ. ಮಂಡಿಯ ಮೇಲೆ ಎಡಗಾಲು ಬಲಗಾಲು ವ್ಯತ್ಯಾಸ ಇಲ್ಲ. ಒಳ್ಳೆ ಕೆಲಸಗಾರ ನಾನು, ಈಗಲೂ.

ಹನ್ನೊಂದು ಮೀಟರ್. ಏನಿಲ್ಲ.

ಅಕ್ಟೋಬರ್ 20

ನಲವತ್ತೆರಡು ಮೀಟರ್. ಏನಿಲ್ಲ.

ತಂಡದವರು ಗೊಣಗುತ್ತಾರೆ, ಕೇಳಿಸುತ್ತೆ. ಮುದುಕನಿಗೆ ಪೆಟ್ಟು ಬಿದ್ದದ್ದು ಕಾಲಿಗೋ ತಲೆಗೋ ಅಂತ. ಲೆಫ್ಟಿನೆಂಟ್ ಮಾತ್ರ ಮೆಲ್ಲಗೆ ಕೇಳಿದ: "ನಕ್ಷೆ ಸರಿಯಾಗೇ ಇದ್ದಿರಬಹುದಾ ಸರ್?"

ಇದ್ದಿರಬಹುದು. ನಿಜ ಬರೆಯುತ್ತೇನೆ — ಇವತ್ತು ಪ್ರತಿ ಸಲ ಸಲಾಕೆ ಒಳಗೆ ಹೋಗುವಾಗ ಏನೂ ತಾಗದಿರಲಿ ಅಂತ ಬಯಸಿದೆ. ಅರವತ್ತರವರೆಗೂ ಹೀಗೇ ಬರಿದಾಗಿರಲಿ. ಹೊಲಿಗೆಯ ಕಾಲಲ್ಲೂ ಎಪ್ಪತ್ತೈದೇ ಇಟ್ಟಿದ್ದೆ ಅಂತ ಆಗಲಿ. ಆಗ ‘ತಪ್ಪು ನನ್ನದು’ ಅಂತ ಬರೆದದ್ದೊಂದೇ ನನ್ನ ತಪ್ಪು.

ಸಾರ್ಜೆಂಟ್ ಪಕ್ಕದಲ್ಲೇ ಚುಚ್ಚುತ್ತಿದ್ದ.

ಅಕ್ಟೋಬರ್ 21, ಬೆಳಿಗ್ಗೆ 11.20

ಐವತ್ಮೂರು ಮೀಟರ್ ನಲವತ್ತು. ನನ್ನ ಸರದಿಯಲ್ಲೇ. ಸಲಾಕೆ ನಿಂತಿತು. ಬೆರಳಲ್ಲಿ ಮಣ್ಣು ಬಿಡಿಸಿದೆ. ಹಸಿರು ಬಣ್ಣ, ನಮ್ಮದೇ.

ಕುರ್ಚಿಯ ಮುಂಗಾಲಿಗೆ ಒಂದು ಗೇಣು ದೂರ.

ಲೆಫ್ಟಿನೆಂಟಿಗೆ ಹಗ್ಗದ ಆಚೆಯಿಂದಲೇ ತೋರಿಸಿದೆ. "ಇಡೀ ದಿನ ಅಲ್ಲೇ ಕೂತಿದ್ದೆ ಸರ್" ಅಂದ. "ಬೂಟು ಬಿಚ್ಚಿ ಕಾಲು ಚಾಚ್ಕೊಂಡು ಟೀ ಕುಡಿದೆ." ಆಮೇಲೆ ಗೋಡೆಯ ಕಡೆ ಹೋಗಿ ನಿಂತ.

ಎಂಬತ್ತು ಹೆಜ್ಜೆಗೆ ಐವತ್ಮೂರು ನಲವತ್ತು. ಏಪ್ರಿಲ್‌ನ ನನ್ನ ಹೆಜ್ಜೆ ಅರವತ್ತಾರು ಮುಕ್ಕಾಲು. ಈಗ ಗೊತ್ತಾಯಿತು. ಈಗ ಸಾರ್ಜೆಂಟಿಗೂ ಹೇಳಿ ಬರೆಸಿದೆ. ವಿಚಾರಣೆಯಲ್ಲಿ ಇದನ್ನೇ ಹೇಳುತ್ತೇನೆ, ಎದ್ದು ನಿಂತು.

ಇದನ್ನು ತೆಗೆಯುವ ಸರದಿ ಗುಬ್ಬಿಯದು. "ನಾನು ಹಗುರ ಸರ್, ನಾನೇ ಹೋಗ್ತೀನಿ" ಅಂದ. ಬೇಡ, ನಾನೇ ತೆಗೀತೀನಿ ಅಂದೆ. ಕೈ ನಡುಗುತ್ತಿಲ್ಲ. ನೋಡಿಕೊಂಡೆ, ಎರಡು ಸಲ. ಸಾಲಿನಲ್ಲಿ ಇದು ಮೊದಲನೆಯದು, ಇನ್ನು ಮೂವತ್ತೊಂಬತ್ತು ಇವೆ, ಒಂದರಿಂದ ಒಂದಕ್ಕೆ ಮೂರು ಹೆಜ್ಜೆ ಅಂತ ಇಟ್ಟದ್ದು, ಅಂದರೆ ಎರಡು ಮೀಟರಿಗೆ

ಸೀಟಿ. ವಿಶ್ರಾಂತಿಯ ಹತ್ತು ನಿಮಿಷ ಮುಗಿಯಿತು. ಉಳಿದದ್ದು ಇದನ್ನು ತೆಗೆದು ಬಂದ ಮೇಲೆ